ವಿಮಾನ ಹತ್ತದ ಡಬ್ಬಿ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಾಮಾನು ಇಡಲಿಕ್ಕೆಂದು ಕೊಡುವ ಬೂದು ಬಣ್ಣದ ಪ್ಲಾಸ್ಟಿಕ್ ತಟ್ಟೆಯನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿದ್ದೇನೆ. ನಮ್ಮ ಕಡೆಯ ಮದುವೆಮನೆಯಲ್ಲಿ ಹೆಚ್ಚಿದ ಸೌತೆಕಾಯಿ ಹರಡುವ ತಟ್ಟೆಗೂ ಅದಕ್ಕೂ ಮಹಾ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸ ಇರುವುದು ಅದರೆದುರು ನಿಂತ ಮನುಷ್ಯನಲ್ಲಿ. ಮದುವೆಮನೆಯ ತಟ್ಟೆಯ ಮುಂದೆ ನಾವು ಯಜಮಾನರು. ಈ ತಟ್ಟೆಯ ಮುಂದೆ ನಾವೇ ಸೌತೆಕಾಯಿ. ಬೆಲ್ಟು ಬಿಚ್ಚಿ, ಗಡಿಯಾರ ಕಳಚಿ, ಕಿಸೆ ಬರಿದು ಮಾಡಿ, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತವನ ಗಾಂಭೀರ್ಯ ಎಷ್ಟು ಹೊತ್ತು ಉಳಿದೀತು, ನೀವೇ ಹೇಳಿ.

ಅದರಲ್ಲೂ ವ್ಯಾಪಾರನಿಮಿತ್ತ ಹಾರಾಡುವ ಮಹನೀಯರ ಅವಸ್ಥೆ ನೋಡಬೇಕು. ಬ್ಯಾಗಿನೊಳಗಿನಿಂದ ಮೊದಲು ಲ್ಯಾಪ್‌ಟಾಪು ಹೊರಬರುತ್ತದೆ, ಅದರ ಬೆನ್ನಿಗೆ ಅದರ ತಮ್ಮನಂತಹ ಟ್ಯಾಬು, ಆಮೇಲೆ ಕಚೇರಿಯ ಮೊಬೈಲು, ಮನೆಯ ಮೊಬೈಲು, ಇವೆರಡಕ್ಕೂ ಅನ್ನ ಹಾಕುವ ಪವರ್ ಬ್ಯಾಂಕು, ಕಡೆಗೆ ಹಾವಾಡಿಗನ ಬುಟ್ಟಿ ಮಗುಚಿದಂತೆ ಒಂದಕ್ಕೊಂದು ಸುತ್ತಿಕೊಂಡ ಚಾರ್ಜರಿನ ಬಳ್ಳಿಗಳು. ಬ್ಯಾಗಿನ ಒಳಗೆ ಇಷ್ಟು ದಿನ ಗುಪ್ತವಾಗಿದ್ದ ಸಂಸಾರವೆಲ್ಲ ಸಾರ್ವಜನಿಕವಾಗಿ ಬಟ್ಟಬಯಲಾಗುತ್ತದೆ. ಪಾಪ, ಒಬ್ಬರೂ ಎದುರಾಡುವುದಿಲ್ಲ. ಕಂಪನಿಯಲ್ಲಿ ನೂರು ಜನರನ್ನು ನಡುಗಿಸುವವರು ಇಲ್ಲಿ ತಟ್ಟೆ ಹಿಡಿದು, ಹಾಸ್ಟೆಲಿನ ಊಟದ ಸಾಲಿನಲ್ಲಿ ನಿಂತ ಉಜಿರೆಯ ವಿದ್ಯಾರ್ಥಿಗಳ ಹಾಗೆ ವಿನೀತರಾಗುತ್ತಾರೆ.

ನಾನೂ ವ್ಯಾಪಾರನಿಮಿತ್ತ ಹಾರಿದವನೇ ಎಂದು ತಿಳಿಸುವುದಕ್ಕಾಗಿಯೇ ಇಷ್ಟು ಪೀಠಿಕೆ. ಆದರೆ ನಾನು ವಿನೀತನಾಗಲಿಲ್ಲ. ಆಗುವ ಜಾಯಮಾನವೇ ನನ್ನದಲ್ಲ; ಬೇಕಾದರೆ ಪುಂಜಾಲಕಟ್ಟೆಯಲ್ಲಿ ಕೇಳಿ ನೋಡಿ.

ಪುಂಜಾಲಕಟ್ಟೆಯ ಪೇಟೆಯಲ್ಲಿ ರೇಡಿಯೊ, ಟೇಪ್‌ರೆಕಾರ್ಡರು ರಿಪೇರಿ ಮಾಡುತ್ತ ನನ್ನ ಯೌವನ ಕಳೆಯಿತು. ರಿಪೇರಿಗಿಂತ ನನ್ನ ಕೀರ್ತಿಗೆ ಕಾರಣವಾದದ್ದು ಒಂದು ಸೀಟಿ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸೊಂದು ನನ್ನ ಅಂಗಡಿಯೆದುರೇ ನಿಲ್ಲುತ್ತಿತ್ತು, ಅದರ ಕಂಡಕ್ಟರು ಇಳಿದು ಪಕ್ಕದ ಹೋಟೆಲಿನಲ್ಲಿ ಸಾವಕಾಶವಾಗಿ ಚಹಾ ಕುಡಿಯುತ್ತಿದ್ದ. ಅವನ ಸೀಟಿಯ ಸದ್ದನ್ನು ಒಂದು ದಿನ ಟೇಪಿನಲ್ಲಿ ಹಿಡಿದೆ. ಮರುದಿನ ಅವನು ಬನ್ಸು ಮುರಿಯುವ ಶುಭಮುಹೂರ್ತದಲ್ಲಿ ದೊಡ್ಡ ಸ್ಪೀಕರಿನಲ್ಲಿ ಊದಿಸಿದೆ. ಡ್ರೈವರು ಹಿಂದೆ ಮುಂದೆ ನೋಡದೆ ಗೇರು ಹಾಕಿ ಹೊರಟೇಬಿಟ್ಟ. ಬನ್ಸು ಹಿಡಿದುಕೊಂಡೇ ಕಂಡಕ್ಟರು ರಿಕ್ಷಾ ಹತ್ತಿ ಬಸ್ಸನ್ನು ಅಟ್ಟಿಸಿಕೊಂಡು ಹೋದ ದೃಶ್ಯವನ್ನು ಕಂಡವರು ಈಗಲೂ ನನ್ನನ್ನು ಕಂಡರೆ ತುಟಿ ಮುಂದೆ ಮಾಡಿ ಸೀಟಿ ಊದುತ್ತಾರೆ. ವಿಜ್ಞಾನಕ್ಕೆ ನನ್ನ ಮೊದಲ ಕೊಡುಗೆ ಅದು.

ಎರಡನೆಯ ಕೊಡುಗೆಯೇ ಈ ಪ್ರಬಂಧದ ನಾಯಕ: ಮಂಗ ಓಡಿಸುವ ಡಬ್ಬಿ.

ನಮ್ಮ ತೆಂಗು, ಕೊಕ್ಕೊ, ಬಾಳೆಗಳಿಗೆ ನಾವು ಯಜಮಾನರೆಂಬುದು ಪಹಣಿಪತ್ರದ ಅಭಿಪ್ರಾಯ ಮಾತ್ರ. ಮಂಗಗಳ ಅಭಿಪ್ರಾಯ ಬೇರೆ ಉಂಟು. ಅವುಗಳನ್ನು ಓಡಿಸಲು ಜನ ಗರ್ನಾಲು ಸಿಡಿಸಿದರು, ತಗಡು ಬಡಿದರು, ಹುಲಿಯ ಬಣ್ಣದ ಗೊಂಬೆಯನ್ನು ಮರಕ್ಕೆ ಕಟ್ಟಿದರು. ಗೊಂಬೆಯ ಬಾಲ ಹಿಡಿದು ಮಂಗಗಳು ಉಯ್ಯಾಲೆ ಆಡಿದವು. ಅವು ಹೆದರುವುದು ಒಂದಕ್ಕೇ, ನನ್ನ ಹೆಂಡತಿ ಲೀಲಾವತಿಯ ಸ್ವರಕ್ಕೆ. ಲೀಲಾ ಬೆಳ್ತಂಗಡಿ ಪಕ್ಕದ ಲಾಯಿಲದವಳು. ಅಂಗಳದಲ್ಲಿ ನಿಂತು ಅವಳು "ಏರ್ ಅವು ಮರಟ್ಟ್? ಜಪ್ಪು ತಿರ್ತ್! ಬತ್ತೆ ತೂಲ!" ಎಂದು ಕೂಗಿದಳೆಂದರೆ, ಅಂದರೆ ತುಳುವಿನಲ್ಲಿ "ಯಾರದು ಮರದಲ್ಲಿ? ಇಳಿ ಕೆಳಗೆ! ಬಂದೆ ನೋಡು!" ಎಂದಳೆಂದರೆ, ಮಂಗಗಳು ಮಾತ್ರವಲ್ಲ, ಪಕ್ಕದ ತೋಟದಲ್ಲಿ ನ್ಯಾಯವಾಗಿಯೇ ಮರ ಹತ್ತಿದ ಕಾಯಿ ಕೀಳುವವನೂ ಸರಸರನೆ ಇಳಿಯುತ್ತಾನೆ.

ಈ ಮಹಾಸ್ವರವನ್ನು ನಾನು ಚೌಕ ತಗಡಿನ ಬಿಸ್ಕತ್ತು ಡಬ್ಬಿಯೊಂದರಲ್ಲಿ ಪ್ರತಿಷ್ಠಾಪಿಸಿದೆ. ಸತ್ತ ಲ್ಯಾಪ್‌ಟಾಪಿನಿಂದ ಕಿತ್ತ ಬ್ಯಾಟರಿ, ಹಳೆಯ ಜೀಪಿನ ಹಾರ್ನು, ಸ್ವರ ತುಂಬಿದ ಒಂದು ಸಣ್ಣ ಮೆಮೊರಿ ಚಿಪ್ಪು. ಬೆಳಿಗ್ಗೆ, ಮಧ್ಯಾಹ್ನ ಮಂಗಗಳು ಫಲಾಹಾರಕ್ಕೆ ಬರುವ ಹೊತ್ತಿಗೆ ಸರಿಯಾಗಿ ತಾನೇ ಕೂಗಲೆಂದು ಒಂದು ಅಲಾರಾಂ ಗಡಿಯಾರ. ಇವನ್ನೆಲ್ಲ ಬಂಧುತ್ವದಲ್ಲಿ ಇಡಲು ಕೆಂಪು, ಹಳದಿ ವಯರುಗಳು, ಮೇಲಿಂದ ಧಾರಾಳವಾಗಿ ಸುತ್ತಿದ ಕಪ್ಪು ಟೇಪು. ಲೀಲಾ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿರುವಾಗಲೇ ಅವಳ ಸ್ವರ ತೋಟದಲ್ಲಿ ಕರ್ತವ್ಯ ನಿರ್ವಹಿಸಿತು. ನಮ್ಮ ಮಂಗಗಳು ಸುತ್ತಾಡುವ ಅಕ್ಕಪಕ್ಕದ ಹಲವರ ತೋಟಗಳಲ್ಲಿ ಇಂದು ನನ್ನ ಹೆಂಡತಿ ಬೈಯುತ್ತಿದ್ದಾಳೆ. ಇಂತಹ ಸೌಭಾಗ್ಯ ಎಷ್ಟು ಗಂಡಂದಿರಿಗೆ ಉಂಟು?

ಕೀರ್ತಿ ಹಬ್ಬಿತು. ಹಿಮಾಚಲದ ಸೇಬು ಬೆಳೆಗಾರರ ಒಂದು ಸಂಘ ಮಂಗಗಳಿಂದ ಬೇಸತ್ತು, ದೇಶದ ಬೇರೆ ಬೇರೆ ಕಡೆಯಿಂದ ಯಂತ್ರ ಮಾಡುವವರನ್ನು ಪ್ರಾತ್ಯಕ್ಷಿಕೆಗೆ ಕರೆಯಿತು. ಯಾರ ಯಂತ್ರ ಗೆಲ್ಲುತ್ತದೋ ಅವರಿಗೆ ಇಡೀ ಕಣಿವೆಯ ಆರ್ಡರು. ನಮ್ಮ ಕಡೆಯಿಂದ ಕರೆ ಬಂದದ್ದು ನನಗೆ ಮತ್ತು ಮೂಡುಬಿದಿರೆಯ ಸುಧಾಕರನಿಗೆ. ಸುಧಾಕರ ಪರದೇಶದಿಂದ ಬಂದ ಹುಲಿ ಗರ್ಜಿಸುವ ಯಂತ್ರದ ಏಜೆಂಟು. ಕೋಟು ಹಾಕುತ್ತಾನೆ, ಒಳ್ಳೆಯವನು. ಆದರೆ ನನ್ನ ಡಬ್ಬಿಯನ್ನು ಕಂಡಾಗಲೆಲ್ಲ ಮುಗುಳ್ನಗುತ್ತಾನೆ, ಆ ಮುಗುಳ್ನಗೆಯನ್ನು ನಾನು ಸಹಿಸಲಾರೆ. ಅವನ ಹುಲಿಯನ್ನು ನನ್ನ ಲೀಲಾ ಸೋಲಿಸುತ್ತಾಳೆ ಎಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಬಸ್ ಸ್ಟ್ಯಾಂಡ್ ಬಸ್ ಸ್ಟ್ಯಾಂಡಿನಲ್ಲಿ ಸಾರಿ ಆಗಿತ್ತು. ಸೋತು ಬಂದರೆ ಸೀಟಿ ಊದುವವರು ಏನೇನು ಊದುತ್ತಾರೋ ಎಂಬ ಭಯವೂ ಒಳಗೊಳಗೆ ಇತ್ತು. ಸಂಘದವರು ಸಹಾಯಕರಿಗೂ ಒಂದು ಟಿಕೇಟು ಕಳಿಸಿದ್ದರಿಂದ, ಹಿಮ ನೋಡುವ ಆಸೆಯಿಂದ ಲೀಲಾಳೂ ಹೊರಟಳು.

ಗುಡ್ಡದ ಮೇಲಿನ ವಿಮಾನ ನಿಲ್ದಾಣಕ್ಕೆ ನಮ್ಮನ್ನು ತನ್ನ ಕಾರಿನಲ್ಲಿ ಬಿಟ್ಟವನು ನೆರೆಯ ಇಬ್ರಾಹಿಂ. ಮೊದಲ ಅಡ್ಡಿ ಬ್ಯಾಗು ಒಪ್ಪಿಸುವಲ್ಲೇ ಎದುರಾಯಿತು. ಬ್ಯಾಟರಿ ಇರುವ ವಸ್ತುವನ್ನು ವಿಮಾನದ ಹೊಟ್ಟೆಗೆ ಹಾಕುವ ಹಾಗಿಲ್ಲ, ಕೈಯಲ್ಲೇ ಒಯ್ಯಬೇಕು ಎಂದಳು ಅಲ್ಲಿನ ಹುಡುಗಿ. ಸಂತೋಷವೇ ಆಯಿತು, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಎಂದು ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ತಪಾಸಣೆಯ ಸಾಲಿಗೆ ಬಂದೆ. ಮುಂದೆ ಸುಧಾಕರ. ಅವನ ಹುಲಿಯಂತ್ರಕ್ಕೂ ಬ್ಯಾಟರಿ ಉಂಟು, ವಯರುಂಟು, ಗಡಿಯಾರವೂ ಉಂಟು. ಆದರೆ ಎಲ್ಲವೂ ನುಣುಪಾದ ಕಪ್ಪು ಕವಚದೊಳಗೆ. ಕವಚದ ಮೇಲೆ ಕಂಪನಿಯ ಹೆಸರು ಬೆಳ್ಳಿಯಕ್ಷರದಲ್ಲಿ. ತಟ್ಟೆಯಲ್ಲಿ ಕೂತು ಹುಲಿ ರಾಜಗಾಂಭೀರ್ಯದಿಂದ ಯಂತ್ರದೊಳಗೆ ಹೋಯಿತು, ಆಚೆ ಬಂತು.

"ಬಾಲಣ್ಣ, ನಿಮ್ಮದಕ್ಕೂ ಒಂದು ಒಳ್ಳೆ ಕವರು ಮಾಡಿಸ್ಬೇಕಿತ್ತು ಮಾರಾಯ್ರೆ," ಎಂದ ಸುಧಾಕರ, ಬೆಲ್ಟು ಕಟ್ಟಿಕೊಳ್ಳುತ್ತ. "ಒಂದು ಕಾಲದಲ್ಲಿ ಕೆಲವು ವಿದೇಶದ ವಿಮಾನಗಳಲ್ಲಿ ಲ್ಯಾಪ್‌ಟಾಪನ್ನೇ ಕೈಯಲ್ಲಿ ಬಿಡ್ತಾ ಇರ್ಲಿಲ್ಲ ಗೊತ್ತುಂಟಾ? ಇದನ್ನು ಬಿಡ್ತಾರಾ?"

"ನಿನ್ನ ಹುಲಿಗೆ ಅಂಗಿ ಬೇಕು. ನನ್ನ ಹೆಂಡತಿಯ ಸ್ವರಕ್ಕೆ ಬೇಡ," ಎಂದೆ ನಾನು, ಪ್ಯಾಂಟು ಹಿಡಿದುಕೊಂಡು.

ಡಬ್ಬಿಯನ್ನು ತಟ್ಟೆಯಲ್ಲಿಟ್ಟೆ. ಯಂತ್ರದ ಉರುಳುವ ಪಟ್ಟಿ ಅದನ್ನು ಒಳಗೆ ಎಳೆದುಕೊಂಡಿತು. ಒಳಗೆ ಎಳೆದುಕೊಂಡದ್ದು ಅಲ್ಲೇ ನಿಂತಿತು. ಪರದೆ ನೋಡುತ್ತಿದ್ದವನ ಬೆನ್ನು ನೆಟ್ಟಗಾಯಿತು. ಅವನು ಇನ್ನೊಬ್ಬನನ್ನು ಕರೆದ, ಆ ಇನ್ನೊಬ್ಬ ಮೇಲಧಿಕಾರಿಯನ್ನು ಕರೆಯಲು ತಿರುಗಿದ. ಅಷ್ಟರಲ್ಲಿ, ಪ್ರಿಯ ಓದುಗರೇ, ಗಂಟೆ ಹತ್ತಾಯಿತು. ಹತ್ತು ಎಂದರೆ ನಮ್ಮ ತೋಟದಲ್ಲಿ ಮಂಗಗಳ ಬೆಳಗಿನ ಫಲಾಹಾರದ ಹೊತ್ತು. ಅಲಾರಾಂ ತೆಗೆದಿಡಲು ನಾನು ಮರೆತಿದ್ದೆ. ನಿಜವಾಗಿ ಮರೆತಿದ್ದೆ, ಲೀಲಾ ಈಗಲೂ ನಂಬುವುದಿಲ್ಲ, ನೀವಾದರೂ ನಂಬಿ.

"ಏರ್ ಅವು ಮರಟ್ಟ್? ಜಪ್ಪು ತಿರ್ತ್! ಬತ್ತೆ ತೂಲ!"

ಯಂತ್ರದ ಗವಿಯೊಳಗಿನಿಂದ ಹೊರಟ ಆ ಗರ್ಜನೆ ಇಡೀ ಸಭಾಂಗಣವನ್ನು ಸುತ್ತಿ ಬಂತು. ತುಳು ಬಾರದವರು ತಟ್ಟೆ ಬಿಟ್ಟು ಹಿಂದಕ್ಕೆ ಸರಿದರು. ತುಳು ಬಲ್ಲವರದು ಇನ್ನೂ ಫಜೀತಿ: ಶೋಧನೆಗಾಗಿ ಸಣ್ಣ ಮರದ ಮಣೆಯ ಮೇಲೆ ಕೈಯಗಲಿಸಿ ನಿಂತಿದ್ದ ಸೂಟುಧಾರಿಯೊಬ್ಬರು ಯಾವ ಬಾಲ್ಯಸ್ಮೃತಿ ಕೆಣಕಿತೋ ಏನೋ, ಹೇಳಿದ ಕೂಡಲೇ ಮಣೆಯಿಂದ ಕೆಳಗೆ ಇಳಿದುಬಿಟ್ಟರು.

ಓಡಿ ಬಂದ ಅಧಿಕಾರಿಣಿ ಧಾರವಾಡದ ಕಡೆಯವರು. ಖಾಕಿಯೊಳಗೂ ಮಾತು ಜೋಳದ ರೊಟ್ಟಿಯಷ್ಟೇ ನೇರ. ನಮ್ಮೆಲ್ಲರನ್ನೂ ದೂರ ನಿಲ್ಲಿಸಿ, ಯಾವುದೋ ಬಟ್ಟೆಚೂರಿನಿಂದ ಡಬ್ಬಿಯನ್ನು ಒರೆಸಿ ಪರೀಕ್ಷಿಸಿ, ಸ್ಫೋಟಕವೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ನನ್ನನ್ನು ಹತ್ತಿರ ಕರೆದರು.

"ಅಜ್ಜಾರ, ಏನ್ರೀ ಇದು? ಯಾರ್ರೀ ಒಳಗ ಒದರಾಕತ್ತಿದ್ದು?"

"ನನ್ನ ಹೆಂಡತಿ."

"ಹೆಂಡತಿನ್ನ ಡಬ್ಬ್ಯಾಗ ಹಾಕೀರೇನು?"

ಹೆಂಗಸರ ಸಾಲಿನಿಂದ ಲೀಲಾ ಕೈಯೆತ್ತಿದಳು. "ನಾನು ಇಲ್ಲೇ ಇದ್ದೇನೆ ಮಾರಾಯ್ತಿ. ಅದು ಮಂಗಕ್ಕೆ ಬೈಯುವುದು. ಇವರಿಗೆ ಬೈಯುವುದು ಬೇರೆ ಉಂಟು."

ಅಧಿಕಾರಿಣಿಯ ಮುಖದಲ್ಲಿ ನಗು ಬಂದು ಹೋದದ್ದನ್ನು ನಾನು ಕಂಡೆ. ನಿಯಮ ಮಾತ್ರ ಕದಲಲಿಲ್ಲ. ಮನೆಯಲ್ಲಿ ಜೋಡಿಸಿದ ಬ್ಯಾಟರಿ, ಮೇಲೆ ಯಾವ ಗುರುತೂ ಇಲ್ಲ, ಆದ್ದರಿಂದ ಕೈಯಲ್ಲಿ ಒಯ್ಯುವ ಹಾಗಿಲ್ಲ. ಹೊಟ್ಟೆಗೂ ಹಾಕುವ ಹಾಗಿಲ್ಲವಲ್ಲ ಎಂದೆ. ಹೌದು, ಹಾಕುವ ಹಾಗಿಲ್ಲ ಎಂದರು. ಹಾಗಾದರೆ ಎಲ್ಲಿ ಇಡಲಿ, ರೆಕ್ಕೆಯ ಮೇಲೆಯೋ ಎಂದೆ. ಅವರು ಮೂಲೆಯಲ್ಲಿದ್ದ ದೊಡ್ಡ ಡ್ರಮ್ಮು ತೋರಿಸಿದರು: ಜನರಿಂದ ಕಿತ್ತುಕೊಂಡ ಕತ್ತರಿ, ಲೈಟರು, ಎಣ್ಣೆ ಬಾಟಲಿಗಳ ಶ್ಮಶಾನ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಪ್ಯಾಂಟು ಹಿಡಿದಿದ್ದ ಕೈಯನ್ನು ಬಿಡುವ ಹಾಗಿಲ್ಲದ್ದರಿಂದ ಇನ್ನೊಂದೇ ಕೈಯಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತು ಸತ್ಯಾಗ್ರಹ ಹೂಡಿದೆ. ಅದೇ ಹೊಟ್ಟೆ, ಅದೇ ಕರುಳು ಇರುವ ಹುಲಿಯನ್ನು ಒಳಗೆ ಬಿಟ್ಟಿರಿ; ನನ್ನದು ಟೇಪು ಸುತ್ತಿಕೊಂಡಿದೆ ಎಂಬುದೇ ಅಪರಾಧವೇ? ಅಚ್ಚಾದ ಹೆಸರಿದ್ದರೆ ಸಾಧನ, ಇಲ್ಲದಿದ್ದರೆ ಅಪಾಯ, ಇದು ಯಾವ ಶಾಸ್ತ್ರ? ಈ ದೇಶದಲ್ಲಿ ಕೈಯಿಂದ ಮಾಡಿದ್ದು ಎಂಬ ಕಾರಣಕ್ಕೆ ಹಪ್ಪಳಕ್ಕೆ ಮರ್ಯಾದೆ ಉಂಟು, ಉಪ್ಪಿನಕಾಯಿಗೆ ಉಂಟು. ನನ್ನ ಡಬ್ಬಿ ಏನು ಪಾಪ ಮಾಡಿತು? ಹೀಗೆ ನಾನು ಮಾಡಿದ ಭಾಷಣಕ್ಕೆ ಸಾಲಿನಲ್ಲಿದ್ದ ಲ್ಯಾಪ್‌ಟಾಪಿನವರು ಒಳಗೊಳಗೇ ತಲೆದೂಗಿದರು. ಬಾಯಿಬಿಟ್ಟು ಒಬ್ಬನೂ ಹೌದೆನ್ನಲಿಲ್ಲ. ಎಲ್ಲರ ಸಂಸಾರ ತಟ್ಟೆಯಲ್ಲಿತ್ತು.

ಅಧಿಕಾರಿಣಿ ನನ್ನ ಎದುರು ಬಂದು ಬಗ್ಗಿದರು. "ನೀವು ಹೇಳೋದು ಖರೆ ಇರಬಹುದು ಅಜ್ಜಾರ. ಆದ್ರ ನನಗ ದಿನಾ ಸಾವಿರಾರು ಚೀಲದ ಒಳಗಿಂದು ಗೊತ್ತಾಗಬೇಕು, ಎಲ್ಲಾರ ಮನಿ ಕಥಿ ಕೇಳಕೋತ ಕುಂದ್ರಾಕ ಆಗಂಗಿಲ್ಲ. ಡ್ರಮ್ಮಿಗಿ ಹಾಕೋದು ಬ್ಯಾಡ, ಹೊರಗ ನಿಮ್ಮ ಮಂದಿ ಇದ್ರ ಅವರಿಗಿ ಕೊಡಸ್ತೀನಿ. ಡಬ್ಬಿ ಬಿಡ್ರಿ, ಹೆಂಡತಿನ್ನ ಕರ್ಕೊಂಡು ಹೋಗ್ರಿ."

"ಬನ್ನಿ, ಏಳಿ," ಎಂದಳು ಲೀಲಾ. "ಡಬ್ಬಿಯನ್ನು ನೋಡಲಿಕ್ಕೆ ನಾನು ಹೊರಟದ್ದಲ್ಲ. ಹಿಮ ನೋಡಲಿಕ್ಕೆ."

ಇಬ್ರಾಹಿಂ ಹೊರಗೆ ಇನ್ನೂ ಚಹಾ ಕುಡಿಯುತ್ತಿದ್ದ. ಡಬ್ಬಿ ಅವನೊಂದಿಗೆ ಮೂಡುಬಿದಿರೆಯ ದಾರಿಯಾಗಿ ಪುಂಜಾಲಕಟ್ಟೆಗೆ ಮರಳಿತು. ಮಧ್ಯಾಹ್ನದ ಸರದಿಗೆ ಸರಿಯಾಗಿ ಹಿಂದಿನ ಸೀಟಿನಿಂದ ಕೂಗಿ ಅವನನ್ನು ದಾರಿಬದಿಯಲ್ಲಿ ನಿಲ್ಲಿಸಿತಂತೆ. ನಾನು ಮಾತ್ರ ಕಿಟಕಿಯ ಪಕ್ಕ ಕೂತು, ಆಯುಧವಿಲ್ಲದ ಯೋಧನಂತೆ ಮೋಡ ನೋಡುತ್ತ ಹಾರಿದೆ. ಎರಡು ಸಾಲು ಮುಂದೆ ಸುಧಾಕರನ ತಲೆ ಕಾಣುತ್ತಿತ್ತು. ಹಿಂದಿನಿಂದ ನೋಡಿದರೂ ಅದು ಮುಗುಳ್ನಗುತ್ತಿತ್ತು.

ಹಿಮಾಚಲದಲ್ಲಿ ಹಿಮ ಇರಲಿಲ್ಲ. ಅದು ಸೇಬಿನ ಕಾಲ, ಹಿಮದ ಕಾಲವಲ್ಲ ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಲೀಲಾಳ ಮುಖ ಊದಿತು. ಮಂಗಗಳಂತೂ ಧಾರಾಳವಾಗಿದ್ದವು, ನಮ್ಮವಕ್ಕಿಂತ ಕೆಂಪು, ದಪ್ಪ, ಸೇಬು ತಿಂದು ಗಲ್ಲ ತುಂಬಿಕೊಂಡವು. ಸುಧಾಕರನ ಹುಲಿ ಗರ್ಜಿಸಿದ ಕೂಡಲೇ ಅವು ಚೆಲ್ಲಾಪಿಲ್ಲಿಯಾದವು. ಚಪ್ಪಾಳೆ ಬಿತ್ತು. ನಾನು ಮೋರೆ ಆಚೆ ತಿರುಗಿಸಿದೆ. ಆದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದು ಹಿರಿಯ ಮಂಗ ಗರ್ಜಿಸುತ್ತಿದ್ದ ಯಂತ್ರದ ಮೇಲೆಯೇ ಕುಕ್ಕುರು ಕೂತು, ಸೇಬು ಕಚ್ಚುತ್ತ, ಬಿಸಿಯಾದ ಕವಚದಿಂದ ಬೆನ್ನು ಕಾಯಿಸಿಕೊಳ್ಳುತ್ತಿತ್ತು. ಬೆಳ್ಳಿಯಕ್ಷರದ ಮೇಲೆ ಅದರ ಬಾಲ ಇಳಿಬಿದ್ದಿತ್ತು. ನನಗಾದ ಆನಂದವನ್ನು ಮುಚ್ಚಿಡುವುದು ನನ್ನ ಶಕ್ತಿಗೆ ಮೀರಿದ ಕೆಲಸವಾದ್ದರಿಂದ ಮುಚ್ಚಿಡಲಿಲ್ಲ.

"ಈಗ ನಿಮ್ಮ ಯಂತ್ರ?" ಎಂದು ಕೇಳಿದರು ಸಂಘದ ಅಧ್ಯಕ್ಷೆ, ಗಟ್ಟಿಮುಟ್ಟಾದ ಹೆಂಗಸು. ನಾನು ನನ್ನ ಹಿಂದಿಯಲ್ಲಿ ಯಂತ್ರದ ಗುಣಗಾನ ಆರಂಭಿಸಿದೆ. ಲೀಲಾ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ಮರದ ಬುಡಕ್ಕೆ ನಡೆದು ಕೂಗಿದಳು. "ಏರ್ ಅವು ಮರಟ್ಟ್?"

ಮಂಗಗಳು ಅವಳನ್ನು ನೋಡಿದವು. ಮದುವೆಗೆ ಬಂದ ದೂರದ ನೆಂಟರನ್ನು ನೋಡುವ ಹಾಗೆ, ಆದರದಿಂದ. ಒಂದೂ ಇಳಿಯಲಿಲ್ಲ.

ನನ್ನ ಡಬ್ಬಿ ಬಂದಿದ್ದರೂ ಇದೇ ಆಗುತ್ತಿತ್ತು ಎಂಬ ಸತ್ಯ ಆ ಕ್ಷಣದಲ್ಲಿ, ಸಾವಿರಾರು ಮೈಲಿ ದೂರ ಬಂದು, ನನಗೆ ತಿಳಿಯಿತು. ಸುಧಾಕರನ ತುಟಿ ಅರಳತೊಡಗಿತು.

ಲೀಲಾ ಮಾತ್ರ ವಿಚಲಿತಳಾಗಲಿಲ್ಲ. ಹಿಂದೆ ತಿರುಗಿ ನನ್ನ ಹೆಗಲಿನ ಬೈರಾಸನ್ನು, ಆ ಉದ್ದದ ಟವೆಲನ್ನು, ಎಳೆದುಕೊಂಡಳು, ಬಗ್ಗಿ ತೋಟದಂಚಿನ ತೊರೆಯ ಬದಿಯ ಒಂದು ದುಂಡು ಕಲ್ಲು ಹೆಕ್ಕಿದಳು, ಬೈರಾಸಿನ ಮಡಿಕೆಯಲ್ಲಿ ಕಲ್ಲಿಟ್ಟು ಕವಣೆಯಂತೆ ತಲೆಯ ಮೇಲೆ ಬೀಸಿದಳು. ಕಲ್ಲು ಮಂಗಕ್ಕೆ ತಗಲಲಿಲ್ಲ. ಅವಳು ಎಂದೂ ತಗಲಿಸುವುದಿಲ್ಲ. ಅದರ ಮೂಗಿನ ಮುಂದಿನ ಕೊಂಬೆಗೆ ಠಣ್ಣೆಂದು ಬಡಿಯಿತು. ಮೊದಲು ಕೂಗು, ಹಿಂದಿನಿಂದ ಕಲ್ಲು. ಮತ್ತೆ ಕೂಗು, ಮತ್ತೆ ಕಲ್ಲು. ಅಂದು ಸಂಜೆಯವರೆಗೆ, ಮರುದಿನವೂ, ಅದರ ಮರುದಿನವೂ. ಹಿಮ ಸಿಗದ ಸಿಟ್ಟೆಲ್ಲ ಅದರಲ್ಲಿತ್ತು. ನಾವು ಹೊರಡುವ ದಿನ ಬೆಳಿಗ್ಗೆ ಅವಳು ಬರಿಗೈಯಲ್ಲಿ ನಿಂತು ಒಮ್ಮೆ ಕೂಗಿದಳು. ಇಡೀ ತೋಟ ಖಾಲಿಯಾಯಿತು. ಹುಲಿಯ ಮೇಲೆ ಬೆನ್ನು ಕಾಯಿಸುತ್ತಿದ್ದ ಹಿರಿಯ ಮಂಗವೇ ಎಲ್ಲಕ್ಕಿಂತ ಮುಂದೆ ಓಡಿತು.

ಊರಿನ ಮಂಗಗಳು ಡಬ್ಬಿಗೆ ಯಾಕೆ ಹೆದರುತ್ತವೆಂದು ನನಗೆ ಅರ್ಥವಾದದ್ದು ಆಗ. ಆ ಸ್ವರದ ಹಿಂದೆ ಮದುವೆಯಾಗಿ ಬಂದಂದಿನಿಂದ ಅವಳು ಬೀಸಿದ ಕಲ್ಲುಗಳಿದ್ದವು. ಕಂಡಕ್ಟರನ ಸೀಟಿಗೆ ಬಸ್ಸು ಹೊರಟದ್ದೂ ನನ್ನ ಸ್ಪೀಕರಿನ ಮಹಿಮೆಯಿಂದಲ್ಲ, ಅವನು ವರ್ಷಗಟ್ಟಲೆ ನಿಯತ್ತಿನಿಂದ ಊದಿ ಡ್ರೈವರನ ಕಿವಿಯಲ್ಲಿ ಕೂಡಿಟ್ಟ ನಂಬಿಕೆಯಿಂದ. ಬೆಳ್ಳಿಯಕ್ಷರದ ಹುಲಿಯ ಹಿಂದೆ ಹುಲಿ ಇರಲಿಲ್ಲ. ಅದನ್ನು ಕಂಡುಹಿಡಿಯಲು ತಪಾಸಣೆಯ ಯಂತ್ರಕ್ಕೆ ಆಗಲಿಲ್ಲ, ಮಂಗನಿಗೆ ಒಂದೇ ದಿನ ಸಾಕಾಯಿತು. ಈ ತತ್ವವನ್ನು ನಾನೇ ಕಂಡುಹಿಡಿದದ್ದೆಂದು ಊರಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಲೀಲಾ ಎದುರಿಗಿಲ್ಲದಾಗ.

ಆರ್ಡರು ನನಗೇ ಬಂತು. ಆದರೆ ಅಧ್ಯಕ್ಷೆ ಕೇಳಿದ್ದು ಖಾಲಿ ಡಬ್ಬಿಗಳನ್ನು. ಮೊದಲು ತಮ್ಮ ಹೆಂಗಸರು ಕವಣೆ ಕಲಿತು ಮಂಗಗಳಿಗೆ ತಮ್ಮ ಸ್ವರದ ಪರಿಚಯ ಮಾಡಿಸುತ್ತಾರಂತೆ, ಆಮೇಲೆ ಆ ಸ್ವರವನ್ನು ತಾವೇ ತುಂಬುತ್ತಾರಂತೆ. ಡಬ್ಬಿಗಳು ಲಾರಿಯಲ್ಲಿ ಹೋಗುತ್ತವೆ. ಲಾರಿಯವನು ನನ್ನ ಟೇಪಿನ ಬಗ್ಗೆ ತಕರಾರು ಎತ್ತುವುದಿಲ್ಲ. ಸುಧಾಕರ ಹಿಂದಿರುಗುವ ದಾರಿಯಲ್ಲಿ ಮೆಲ್ಲಗೆ ಕೇಳಿದ: "ಬಾಲಣ್ಣ, ಮೂಡುಬಿದಿರೆಗೆ ನಿಮ್ಮ ಡಬ್ಬಿಯ ಏಜೆನ್ಸಿ ನನಗೆ ಕೊಡ್ತೀರಾ? ಕವರು ನಾನು ಮಾಡಿಸ್ತೇನೆ." ಏಜೆನ್ಸಿ ಕೊಡುತ್ತೇನೆ, ಕವರು ಹಾಕಿದರೆ ಕಿತ್ತುಕೊಳ್ಳುತ್ತೇನೆ ಎಂದೆ. ನನ್ನ ಟೇಪು ಎಲ್ಲರಿಗೂ ಕಾಣುವ ಹಾಗೆಯೇ ಇರಲಿ. ಅದರ ಒಳಗೆ ಏನುಂಟೆಂದು ತಿಳಿಯಬೇಕಾದವರು ಕೇಳಿ ತಿಳಿದುಕೊಳ್ಳಲಿ.

ದೆಹಲಿಯ ವಿಮಾನ ನಿಲ್ದಾಣದಲ್ಲಿ ಮತ್ತೆ ಅದೇ ಬೂದು ತಟ್ಟೆ, ಅದೇ ಬೆಲ್ಟು, ಕೈಯಲ್ಲಿ ಅದೇ ಪ್ಯಾಂಟು. ಸುತ್ತ ಮತ್ತೆ ಲ್ಯಾಪ್‌ಟಾಪು ಬಿಚ್ಚಿ ಹರಡುವವರ ಸಾಲು. ನನ್ನಲ್ಲಿ ಈ ಸಲ ಏನೂ ಇರಲಿಲ್ಲವಾದ್ದರಿಂದ ಎದೆ ಸೆಟೆಸಿ ಆಚೆ ದಾಟಿದೆ. ದಾಟಿ ನೋಡಿದರೆ ಲೀಲಾಳ ಚೀಲವನ್ನು ನಿಲ್ಲಿಸಿದ್ದಾರೆ. ಕಾವಲಿನವನು ಒಳಗೆ ಕೈಹಾಕಿ, ಸೇಬುಗಳ ನಡುವಿನಿಂದ ಒಂದು ದುಂಡನೆಯ ಕಲ್ಲನ್ನು ಹೊರತೆಗೆದು ತಟ್ಟೆಯಲ್ಲಿಟ್ಟ. ತೊರೆಯ ನೀರು ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದಂತೆ ನುಣ್ಣಗಾದ, ಬೈರಾಸಿನ ಮಡಿಕೆಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುವ, ಕಪ್ಪು ಕಲ್ಲು.

ಪೂಜೆಗೋ ಎಂದು ಅವನು ಹಿಂದಿಯಲ್ಲಿ ಕೇಳಿದ. ಲೀಲಾಳಿಗೆ ಅರ್ಥವಾಗಲಿಲ್ಲ, ಎಲ್ಲರಿಗೂ ನಗುವ ಹಾಗೆ ಅವನಿಗೂ ನಕ್ಕಳು. ಅವನು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ಚೀಲದಲ್ಲಿ ಸೇಬುಗಳ ಮೇಲೆ ಮೆತ್ತಗೆ ಕೂರಿಸಿ, ಖಾಲಿ ತಟ್ಟೆಯನ್ನು ಮುಂದಿನವನ ಲ್ಯಾಪ್‌ಟಾಪಿಗೆ ತಳ್ಳಿದ.